ಪರೀಕ್ಷೆಗೆ ಒಪ್ಪಿದರೆ ಗರ್ಭಪಾತಕ್ಕೆ ಒಪ್ಪಿದಂತಲ್ಲ

ಮಂಗಳೂರಿನಲ್ಲಿ ಪ್ರಸೂತಿ ತಜ್ಞೆಯಾಗಿರುವ ನನ್ನಲ್ಲಿಗೆ ಬರುವ ಗರ್ಭಿಣಿಯರಲ್ಲಿ ಬ್ಯಾರಿ ಹೆಣ್ಣುಮಕ್ಕಳು ಬಹಳ ಮಂದಿ. ಮೂರನೇ ತಿಂಗಳಲ್ಲಿ ಭ್ರೂಣದ ಕತ್ತಿನ ಹಿಂಭಾಗವನ್ನು ಅಳೆಯುವ ಎನ್‌ಟಿ ಸ್ಕ್ಯಾನಿನ ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ಮಾತೆತ್ತಿದ ಕೂಡಲೇ ಅವರಲ್ಲಿ ಹಲವರು, "ನಾವು ತೆಗೆಸುವವರಲ್ಲ ಡಾಕ್ಟ್ರೇ, ಮತ್ತೆ ಟೆಸ್ಟ್ ಯಾಕೆ?" ಎನ್ನುತ್ತಾರೆ. ಅವರಿಗಿಂತ ಹೆಚ್ಚು ಬೇಸರ ತರಿಸುವವರು ನನ್ನದೇ ವೃತ್ತಿಯ ಕೆಲವರು. ಬುರ್ಖಾ ಕಂಡೊಡನೆ, ಇವರು ಹೇಗೂ ಒಪ್ಪುವುದಿಲ್ಲವೆಂದು ತಾವೇ ನಿರ್ಧರಿಸಿ, ಪರೀಕ್ಷೆಯ ವಿಷಯವನ್ನೇ ತಿಳಿಸದೆ ಕಳುಹಿಸಿಬಿಡುತ್ತಾರೆ.

ಆ ಪರೀಕ್ಷೆ ಮಗುವಿಗೆ ಡೌನ್ ಸಿಂಡ್ರೋಮ್ (ಬುದ್ಧಿ ಬೆಳವಣಿಗೆಯನ್ನು ನಿಧಾನವಾಗಿಸುವ, ಹುಟ್ಟಿನಿಂದಲೇ ಇರುವ ವರ್ಣತಂತುವಿನ ವ್ಯತ್ಯಾಸ) ಇದೆಯೆಂದು ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ, ಸಾಧ್ಯತೆಯನ್ನಷ್ಟೇ ತಿಳಿಸುತ್ತದೆ. ವರದಿಯಲ್ಲಿ 1:100 ಎಂದು ಬಂದರೆ, ಅದೇ ಅಂಕಿ ಬಂದ 100 ಗರ್ಭಿಣಿಯರನ್ನು ಸಾಲಾಗಿ ಕೂರಿಸಿದಾಗ ಸುಮಾರು 99 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಖಚಿತವಾಗಬೇಕಿದ್ದರೆ 15 ವಾರ ತುಂಬಿದ ಮೇಲೆ ಸೂಜಿಯಿಂದ ಗರ್ಭನೀರು ತೆಗೆದು ಪರೀಕ್ಷಿಸಬೇಕು, ಮತ್ತು ಅದರಿಂದ ಗರ್ಭ ಇಳಿದುಹೋಗುವ ಸಣ್ಣ ಅಪಾಯವೂ ಇದೆ. ರಕ್ತ ಕೊಟ್ಟವಳು ಸೂಜಿ ಬೇಡವೆನ್ನಬಹುದು. ಸೂಜಿಗೆ ಒಪ್ಪಿದವಳು ಮಗುವನ್ನು ಉಳಿಸಿಕೊಳ್ಳುತ್ತೇನೆ ಎನ್ನಬಹುದು. ಒಂದು ಹೆಜ್ಜೆ ಇಟ್ಟರೆ ಮುಂದಿನದನ್ನು ಇಡಲೇಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ಅತ್ತೆಯೊಡನೆ ಬಂದಿದ್ದ ಒಬ್ಬಳ ವರದಿಯಲ್ಲಿ 1:80 ಎಂದಿತ್ತು. ದುಬೈಯಲ್ಲಿದ್ದ ಗಂಡ ವಿಡಿಯೋ ಕರೆಯಲ್ಲಿದ್ದ; ಮೊಬೈಲನ್ನು ನನ್ನ ಮೇಜಿನ ಬಿಪಿ ಯಂತ್ರಕ್ಕೆ ಒರಗಿಸಿ ಇಟ್ಟಿದ್ದಳು. ಆಕೆ ಸೂಜಿ ಬೇಡವೆಂದಳು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ ಎಂದಾಗ, ತಸ್ಬೀಹ್ ಮಣಿ ಎಣಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ, "ಹೃದಯವನ್ನು ಸ್ಕ್ಯಾನಿನಲ್ಲಿ ನೋಡಬಹುದಲ್ಲ?" ಎಂದು ಕೇಳಿದರು. 22ನೇ ವಾರದ ಸ್ಕ್ಯಾನಿನಲ್ಲಿ ಹೃದಯದಲ್ಲಿ ರಂಧ್ರ ಕಂಡಿತು. ಹೆರಿಗೆಯನ್ನು ಮಕ್ಕಳ ಹೃದ್ರೋಗ ತಜ್ಞರಿರುವಲ್ಲಿಯೇ ಮಾಡಿಸಿದೆವು.

ಇನ್ನು ಕೆಲವರು ಧರ್ಮಗುರುಗಳಾದ ಉಸ್ತಾದರನ್ನು ಕೇಳಬೇಕು ಎನ್ನುತ್ತಾರೆ, ಕೇಳುವುದು ಸರಿಯೇ. ಭ್ರೂಣಕ್ಕೆ ಗುಣಪಡಿಸಲಾಗದ ತೀವ್ರ ವಿಕಲತೆಯಿದೆಯೆಂದು ತಜ್ಞ ವೈದ್ಯರ ಸಮಿತಿ ಖಚಿತಪಡಿಸಿದರೆ, 120 ದಿನಗಳೊಳಗೆ, ತಂದೆತಾಯಿ ಬಯಸಿದಲ್ಲಿ ಗರ್ಭಪಾತ ಆಗಬಹುದೆಂದು ಮಕ್ಕಾದ ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಮಂಡಳಿ 1990ರಲ್ಲಿ ಅಭಿಪ್ರಾಯಪಟ್ಟಿತ್ತು. ಧರ್ಮಪಂಡಿತರಾದ ಉಲಮಾಗಳಲ್ಲಿ ಭಿನ್ನಮತಗಳಿವೆ, ಅವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಲೆಕ್ಕ ಮಾತ್ರ ನನ್ನದು. ಆ 120 ದಿನಗಳನ್ನು ಗರ್ಭ ನಿಂತ ದಿನದಿಂದ ಎಣಿಸಿದರೆ, ಕೊನೆಯ ಮುಟ್ಟಿನಿಂದ ಎಣಿಸುವ ನಮ್ಮ ಲೆಕ್ಕದಲ್ಲಿ ಅದು ಸುಮಾರು 19 ವಾರಗಳಾಗುತ್ತದೆ. ಗರ್ಭನೀರಿನ ಪೂರ್ಣ ವರದಿಗೆ ಎರಡು ಮೂರು ವಾರ ಬೇಕು. ಯೋಚಿಸುತ್ತಾ 18ನೇ ವಾರಕ್ಕೆ ಬಂದವಳಿಗೆ, ನಮ್ಮ ಕಾನೂನಿನ ಪ್ರಕಾರ ಸಮಯವಿದ್ದರೂ, ತನ್ನ ನಂಬಿಕೆಯ ಪ್ರಕಾರ ಉಳಿದಿರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ತಾಯಿ ಕಾರ್ಡಿನ ಹಿಂಬದಿಯಲ್ಲಿ ಹೆರಿಗೆಯ ದಿನಾಂಕದ ಕೆಳಗೆ ಆ 120ನೆಯ ದಿನದ ದಿನಾಂಕವನ್ನೂ ಬರೆದು, ಮನೆಯವರೆಲ್ಲ ಕೂತು ಮಾತಾಡಿ ಬನ್ನಿ ಎಂದು ಕಳುಹಿಸುತ್ತೇನೆ.