ಅಡ್ಮಿರಲ್ ಎಡ್ವರ್ಡ್ ವರ್ನನ್: ಬಾಯಿಂದ ಗೆದ್ದು ಲೇಖನಿಯಿಂದ ಸೋತವನು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. 18ನೇ ಶತಮಾನದ ಬ್ರಿಟಿಷ್ ನೌಕಾಧಿಕಾರಿ ವರ್ನನ್ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಸಂಸತ್ತಿನಲ್ಲಿ ಬಾಯಿಗೆ ಬಂದಂತೆ ಆಡಿದ ಒಂದು ಮಾತೇ ಅವನನ್ನು ಅಡ್ಮಿರಲ್ ಮಾಡಿತು. ಆಮೇಲೆ ಅಚ್ಚು ಹಾಕಿಸಿದ ಮಾತು ಅದೇ ಹುದ್ದೆ ಕಳೆಯಿತು. ಅವನ ಬದುಕಿನ ತಾರೀಖುಗಳನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಈ ಎಳೆ ಹಿಡಿದು ಓದಿದರೆ ಜಾಸ್ತಿ ನೆನಪಿರುತ್ತದೆ. ನಾನು ಹಾಗೇ ಓದಿದ್ದು.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ನೌಕಾಪಡೆಯ ಅಧಿಕಾರಿ ಎಂಪಿ ಆಗೋದು ಹೇಗೆ? ಇವತ್ತು ವಿಚಿತ್ರ ಅನ್ನಿಸುತ್ತದೆ, ಅಲ್ವಾ? 18ನೇ ಶತಮಾನದ ಬ್ರಿಟನ್ನಿನಲ್ಲಿ ಅದು ಮಾಮೂಲಿ. ಯುದ್ಧ ಇಲ್ಲದಾಗ ಬಹಳಷ್ಟು ಅಧಿಕಾರಿಗಳನ್ನು ಅರ್ಧ ಸಂಬಳ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಕೈಯಲ್ಲಿ ಬೇಕಾದಷ್ಟು ಸಮಯ. ಸಂಸತ್ತಿನಲ್ಲಿ ಕೂತರೆ ದೊಡ್ಡವರ ಪರಿಚಯ ಆಗುತ್ತದೆ, ಮುಂದೆ ಒಳ್ಳೆಯ ಹಡಗು ಸಿಗಬಹುದು. ಮಂತ್ರಿಗಳಿಗೂ ಇದರಿಂದ ಲಾಭ. ಬಡ್ತಿಯ ಆಸೆ ತೋರಿಸಿ ವೋಟು ಹಾಕಿಸಿಕೊಳ್ಳಬಹುದು. ಹಾಗಾಗಿ ಸರ್ಕಾರದ ಮಾತಿಗೆ ತಲೆಯಾಡಿಸುವ ಕ್ಯಾಪ್ಟನ್ನುಗಳೇ ಜಾಸ್ತಿ. ವರ್ನನ್ ತಲೆಯಾಡಿಸುವವನಲ್ಲ.

ಅವನು ಹುಟ್ಟಿದ್ದು 1684ರ ನವೆಂಬರಿನಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಅಪ್ಪ ಜೇಮ್ಸ್ ವರ್ನನ್ ಮೂರನೆಯ ವಿಲಿಯಂ ರಾಜನ ಮಂತ್ರಿ. ಮಗ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದ. ಆ ಕಾಲದ ಹಡಗಿನ ಅಧಿಕಾರಿಗಳಿಗೆ ಹೋಲಿಸಿದರೆ ಇದು ದೊಡ್ಡ ಓದು. ಮುಂದೆ ಅವನ ಕೈ ಪತ್ರ, ಕರಪತ್ರಗಳ ಕಡೆಗೇ ತುರಿಸುತ್ತಿದ್ದದ್ದಕ್ಕೆ ಬುನಾದಿ ಇಲ್ಲೇ ಬಿತ್ತು ಅಂತ ನನ್ನ ಲೆಕ್ಕ. 1700ರಲ್ಲಿ ನೌಕಾಪಡೆ ಸೇರಿದ, 1702ಕ್ಕೆ ಲೆಫ್ಟಿನೆಂಟ್, 1706ಕ್ಕೆ ಕ್ಯಾಪ್ಟನ್. ನಡುವೆ 1704ರಲ್ಲಿ ಮಲಗಾ ಕಡಲಕಾಳಗದಲ್ಲಿ ಇದ್ದ. ಎದುರು ಪಕ್ಷದ ಹಡಗಿನಲ್ಲಿ ಬ್ಲಾಸ್ ದೆ ಲೆಸೊ ಅನ್ನುವ ಹದಿನೈದು ವರ್ಷದ ಹುಡುಗನೊಬ್ಬ ಅದೇ ಕಾಳಗದಲ್ಲಿ ಎಡಗಾಲು ಕಳೆದುಕೊಂಡ. ಈ ಹೆಸರಿಗೆ ಅಡಿಗೆರೆ ಎಳೆದುಕೊಳ್ಳಿ, ಮತ್ತೆ ಬರುತ್ತಾನೆ.

1722ರಲ್ಲಿ ಕಾರ್ನ್‌ವಾಲಿನ ಪೆನ್ರಿನ್ ಕ್ಷೇತ್ರದಿಂದ ಗೆದ್ದು 1734ರವರೆಗೆ ಎಂಪಿ. ಆಗ ಅಧಿಕಾರ ಪ್ರಧಾನಿ ರಾಬರ್ಟ್ ವಾಲ್ಪೋಲ್ ಕೈಯಲ್ಲಿ. ವಾಲ್ಪೋಲ್‌ಗೆ ಯುದ್ಧ ಬೇಡ, ಖರ್ಚು ಬೇಡ. ವರ್ನನ್‌ಗೆ ಸ್ಪೇನ್ ಅಂದರೆ ಉರಿ. ಸಿಟ್ಟಿಗೆ ಕಾರಣ ಇತ್ತು. 1726ರಲ್ಲಿ ಅಡ್ಮಿರಲ್ ಹೋಸಿಯರ್‌ನನ್ನು ಪನಾಮಾ ಕರಾವಳಿಯ ಪೋರ್ಟೋ ಬೆಲ್ಲೊ ಬಂದರಿಗೆ ಕಳಿಸಿದ್ದರು. ಪೆರುವಿನ ಬೆಳ್ಳಿ ಸ್ಪೇನಿಗೆ ಹೋಗುತ್ತಿದ್ದ ದಾರಿ ಅದು. ಹೋಸಿಯರ್‌ಗೆ ಇದ್ದ ಅಪ್ಪಣೆ ಏನು? ಬಂದರಿನ ಬಾಯಿ ಮುಚ್ಚಿ ನಿಲ್ಲು, ಆದರೆ ಊರಿನ ಮೇಲೆ ಬೀಳಬೇಡ. ನಿಂತೇ ನಿಂತರು. ಜ್ವರ ಬಂದು ಸಾವಿರಾರು ನಾವಿಕರು ಸತ್ತರು, ಹೋಸಿಯರ್ ಕೂಡ ಸತ್ತ. ಅದೇ ಊರನ್ನು ಬರೀ ಆರು ಹಡಗಿನಲ್ಲಿ ಹಿಡಿದು ತೋರಿಸುತ್ತೇನೆ ಅಂತ ವರ್ನನ್ ಸಂಸತ್ತಿನಲ್ಲಿ ಪಂಥ ಕಟ್ಟಿದ. ಮುಂದಿನ ಕಥೆಗೆಲ್ಲ ಬೀಜ ಈ ಮಾತು.

1734ರಲ್ಲಿ ಸೀಟು ಹೋಯಿತು. ಇಲ್ಲೊಂದು ಎಚ್ಚರ: 1739ರಲ್ಲಿ ಯುದ್ಧಕ್ಕೆ ಹೊರಟಾಗ ವರ್ನನ್ ಎಂಪಿ ಆಗಿರಲಿಲ್ಲ. ಇದನ್ನು ಎಷ್ಟೋ ಜನ ತಪ್ಪು ಬರೆಯುತ್ತಾರೆ, ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ.

ಯುದ್ಧದ ಹೆಸರು ನಿಮಗೆ ಗೊತ್ತಿರುತ್ತದೆ, ಜೆಂಕಿನ್ಸ್ ಕಿವಿಯ ಯುದ್ಧ. 1731ರಲ್ಲಿ ಸ್ಪೇನಿನ ಕರಾವಳಿ ಕಾವಲಿನವರು ರಾಬರ್ಟ್ ಜೆಂಕಿನ್ಸ್ ಅನ್ನುವ ಹಡಗಿನ ಕ್ಯಾಪ್ಟನ್ನನ ಕಿವಿ ಕೊಯ್ದರು ಅನ್ನುವುದು ದೂರು. ಏಳು ವರ್ಷದ ಮೇಲೆ ವಿರೋಧಪಕ್ಷದವರು ಆ ಕಿವಿಯನ್ನು ಎತ್ತಿಕೊಂಡರು. ನಿಜವಾದ ಜಗಳ ಕಿವಿಯದಲ್ಲ, ವ್ಯಾಪಾರದ್ದು. ಸ್ಪೇನಿನ ಅಮೆರಿಕದ ವಸಾಹತುಗಳಲ್ಲಿ ಯಾರು ಎಷ್ಟು ಮಾರಬಹುದು ಅನ್ನುವುದೇ ಮೂಲ. ವಾಲ್ಪೋಲ್‌ಗೆ ಇಷ್ಟ ಇಲ್ಲದಿದ್ದರೂ 1739ರ ಅಕ್ಟೋಬರಿನಲ್ಲಿ ಯುದ್ಧ ಸಾರಬೇಕಾಯಿತು. ಅದಕ್ಕೂ ಮುಂಚೆಯೇ, ಜುಲೈನಲ್ಲಿ, ವರ್ನನ್‌ಗೆ ಬಡ್ತಿ ಕೊಟ್ಟು ಕೆರಿಬಿಯನ್ ಕಡೆ ಅಟ್ಟಿದರು. ಮಾತಾಡಿದವನೇ ಮಾಡಿ ತೋರಿಸಲಿ ಅನ್ನುವ ಲೆಕ್ಕವೂ ಇದ್ದಿರಬಹುದು.

ಬಡ್ತಿಯ ಹೆಸರು ‘ನೀಲಿ ದಳದ ವೈಸ್ ಅಡ್ಮಿರಲ್’. ಈ ಬಣ್ಣಗಳ ಲೆಕ್ಕ ಸುಲಭ. ದಳಗಳು ಕೆಂಪು, ಬಿಳಿ, ನೀಲಿ. ಅದರಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ. ಮೇಲಿನಿಂದ ಕೆಳಕ್ಕೆ ಹುದ್ದೆಗಳು ಅಡ್ಮಿರಲ್, ವೈಸ್ ಅಡ್ಮಿರಲ್, ರಿಯರ್ ಅಡ್ಮಿರಲ್. ವರ್ನನ್ ರಿಯರ್ ಮೆಟ್ಟಿಲುಗಳನ್ನೆಲ್ಲ ಹಾರಿ ಸೀದಾ ವೈಸ್ ಆದ.

ಪೋರ್ಟೋ ಬೆಲ್ಲೊ

1739ರ ನವೆಂಬರ್ 21. ಬೇರೆ ಕಡೆ ಡಿಸೆಂಬರ್ 2 ಅಂತ ಕಂಡರೆ ಗಾಬರಿ ಬೇಡ. ಬ್ರಿಟನ್ 1752ರವರೆಗೆ ಹಳೆಯ ಕ್ಯಾಲೆಂಡರನ್ನೇ ಇಟ್ಟುಕೊಂಡಿತ್ತು, ಸ್ಪೇನಿನದಕ್ಕಿಂತ 11 ದಿನ ಹಿಂದೆ.

ಹಡಗು ಲೆಕ್ಕಕ್ಕೆ ಸರಿಯಾಗಿ ಆರು. ಬಂದರಿನ ಬಾಯಲ್ಲಿ ‘ಕಬ್ಬಿಣದ ಕೋಟೆ’ ಅನ್ನುವ ಕೋಟೆ. ಹೆಸರು ಕೇಳಿ ಹೆದರಬೇಡಿ, ಒಳಗೆ ಸೈನಿಕರು ಕಡಿಮೆ, ಫಿರಂಗಿಗಳು ಎಷ್ಟೋ ಕೆಲಸಕ್ಕೆ ಬಾರದವು. ಹಡಗುಗಳು ಗೋಡೆಗೆ ತೀರಾ ಹತ್ತಿರ ಬಂದು ನಿಂತವು. ಹಾಯಿಕಂಬದ ಮೇಲಿನ ಅಟ್ಟಣೆಯಿಂದ ಕೋವಿ ಹಾರಿಸಿ ಕೆಳಗಿನ ಫಿರಂಗಿ ಸಾಲಿನ ಗೋಲಂದಾಜರನ್ನು ಓಡಿಸಿದರು. ದೋಣಿಯಲ್ಲಿ ಹೋದ ನಾವಿಕರ ಹತ್ತಿರ ಏಣಿ ಇರಲಿಲ್ಲ. ಒಬ್ಬ ಗೋಡೆಗೆ ಆನಿಕೊಂಡು ನಿಂತ, ಇನ್ನೊಬ್ಬ ಅವನ ಹೆಗಲು ಹತ್ತಿ ಫಿರಂಗಿ ಕಂಡಿಯೊಳಗೆ ನುಸುಳಿದ, ಅವನು ಹಿಂದಿನವನ ಕೈ ಹಿಡಿದು ಎಳೆದುಕೊಂಡ. ನಮ್ಮೂರಿನ ಮೊಸರುಗಡಿಗೆ ಒಡೆಯುವ ಹುಡುಗರು ಕಣ್ಣ ಮುಂದೆ ಬಂದರು ನನಗೆ. ಮಾರನೆಯ ದಿನ ಊರೇ ಶರಣಾಯಿತು. ಸಿಕ್ಕ 10,000 ಸ್ಪೇನಿನ ಡಾಲರ್ ಬೆಳ್ಳಿಯನ್ನು ವರ್ನನ್ ನಾವಿಕರಿಗೇ ಹಂಚಿದ. ಮೂರು ವಾರ ಕೂತು ಕೋಟೆಗಳನ್ನು ಸಿಡಿಸಿ ಹೊರಟ.

ಸುದ್ದಿ ಮುಟ್ಟಿದ್ದೇ ತಡ, ಬ್ರಿಟನ್ನಿಗೆ ಹುಚ್ಚು ಹಿಡಿಯಿತು. ‘ಬರೀ ಆರು ಹಡಗಿನಲ್ಲಿ’ ಅನ್ನುವ ಮಾತು ಕೊರೆದ ಪದಕಗಳು ನೂರಕ್ಕೂ ಹೆಚ್ಚು ಬಗೆಯಲ್ಲಿ ಬಂದವು. ಅಂದರೆ ಸಂಸತ್ತಿನಲ್ಲಿ ಕಟ್ಟಿದ ಪಂಥವೇ ಪೇಟೆಯಲ್ಲಿ ಮಾರಾಟಕ್ಕೆ ಬಂತು. ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಹೆಸರಿಗೂ ಇದೇ ಮೂಲ. ವಿರೋಧಪಕ್ಷಕ್ಕೆ ಹಬ್ಬ: ನೋಡಿ, ವಾಲ್ಪೋಲ್ ಆಗಲ್ಲ ಅಂದದ್ದನ್ನು ನಮ್ಮವನು ಮಾಡಿದ!

ರಮ್ಮಿಗೆ ನೀರು

1740ರ ಆಗಸ್ಟ್ 21ರಂದು ಜಮೈಕಾದ ಪೋರ್ಟ್ ರಾಯಲ್‌ನಲ್ಲಿ ಹೊರಟ ಆದೇಶ ನನಗೆ ಅವನ ಯುದ್ಧಗಳಿಗಿಂತ ಮುಖ್ಯ. ಬಿಸಿಲ ನಾಡಿನಲ್ಲಿ ಬಿಯರ್ ಕೆಡುತ್ತದೆ. ಅದಕ್ಕೆ ಅಲ್ಲಿ ನಾವಿಕರಿಗೆ ದಿನಕ್ಕೆ ಅರ್ಧ ಪೈಂಟ್ ರಮ್, ಅಂದರೆ ಸುಮಾರು ಕಾಲು ಲೀಟರ್. ನೀರು ಬೆರೆಸದ ರಮ್. ಸಿಕ್ಕಿದ್ದನ್ನು ಒಂದೇ ಗುಟುಕಿಗೆ ಏರಿಸುವುದು, ಜಗಳ, ಕಂಬದಿಂದ ಬೀಳುವುದು, ಚಾಟಿ ಏಟು. ವರ್ನನ್ ರಮ್ ಕಸಿಯಲಿಲ್ಲ. ಒಂದು ಕ್ವಾರ್ಟ್ ನೀರಿಗೆ, ಅಂದರೆ ಸುಮಾರು ಒಂದು ಲೀಟರಿಗೆ, ಆ ಅರ್ಧ ಪೈಂಟ್ ಬೆರೆಸಿ ಅಂದ. ಬೆರೆಸುವುದು ಎಲ್ಲರ ಕಣ್ಣೆದುರು, ಡೆಕ್ ಮೇಲಿನ ಪೀಪಾಯಿಯಲ್ಲಿ, ಕಾವಲಿನ ಲೆಫ್ಟಿನೆಂಟ್ ನಿಂತು ನೋಡಬೇಕು, ಯಾರ ಪಾಲಿಗೂ ಮೋಸ ಆಗಬಾರದು. ಕೊಡುವುದು ಎರಡು ಸಲ, ಬೆಳಿಗ್ಗೆ 10ರಿಂದ 12ರೊಳಗೆ ಒಮ್ಮೆ, ಸಂಜೆ 4ರಿಂದ 6ರೊಳಗೆ ಒಮ್ಮೆ. ಉಪ್ಪಿನ ಮಾಂಸ, ಬ್ರೆಡ್ಡು ಉಳಿಸಿದವರು ಅದನ್ನು ಕೊಟ್ಟು ಸಕ್ಕರೆ, ನಿಂಬೆಹಣ್ಣು ತೆಗೆದುಕೊಂಡು ರುಚಿ ಮಾಡಿಕೊಳ್ಳಬಹುದು. ಅಲ್ಲಿಗೆ ನಮ್ಮ ಪಾನಕಕ್ಕೆ ರಮ್ ಬಿದ್ದ ಹಾಗೆ.

ಲೆಕ್ಕ ಗಮನಿಸಿ. ಮದ್ಯದ ಪ್ರಮಾಣ ಒಂದು ಹನಿಯೂ ಕಡಿಮೆ ಆಗಲಿಲ್ಲ. ಕುಡಿಯುವ ವೇಗ ಮಾತ್ರ ಇಳಿಯಿತು. ನಾವಿಕರ ನಾಡಿ ಬಲ್ಲವನೇ ಬರೆಯಬಹುದಾದ ಆದೇಶ ಇದು. (ಇವನ ಮಾವ ಬಿಯರ್ ತಯಾರಿಸುವವನು, ಅದು ಬೇರೆ ಮಾತು.) ವರ್ನನ್ ಗ್ರೋಗ್ರಾಂ ಅನ್ನುವ ಒರಟು ಬಟ್ಟೆಯ ಮೇಲಂಗಿ ತೊಡುತ್ತಿದ್ದ, ನಾವಿಕರು ‘ಓಲ್ಡ್ ಗ್ರಾಗ್’ ಅನ್ನುತ್ತಿದ್ದರು. ಆ ಅಡ್ಡಹೆಸರೇ ನೀರು ಬೆರೆಸಿದ ರಮ್ಮಿಗೂ ಅಂಟಿಕೊಂಡಿತು. ಅಮಲಿನವರ ಹಾಗೆ ತೂರಾಡುವುದಕ್ಕೆ ಇಂಗ್ಲಿಷಿನವರು ‘ಗ್ರಾಗಿ’ ಅನ್ನುವುದು ಇದರಿಂದಲೇ. ಬ್ರಿಟಿಷ್ ನೌಕಾಪಡೆ ರಮ್ ಪಾಲು ನಿಲ್ಲಿಸಿದ್ದು 1970ರ ಜುಲೈ 31ಕ್ಕೆ.

ಕಾರ್ಟಹೇನಾ

1741ರಲ್ಲಿ ದೊಡ್ಡ ಬೇಟೆ, ಈಗಿನ ಕೊಲಂಬಿಯಾದ ಕಾರ್ಟಹೇನಾ. ಈ ಸಲ ಹಡಗು ಆರಲ್ಲ, ಸಾಗಣೆ ಹಡಗೂ ಸೇರಿ ಸುಮಾರು 180. ಎದುರಿಗೆ ಕೆಲವೇ ಸಾವಿರ ಜನ, ಆರು ಯುದ್ಧನೌಕೆ. ಜೊತೆಗೆ ಒಂದು ಕಾಲಿಲ್ಲದ, ಒಂದು ಕಣ್ಣಿಲ್ಲದ, ಒಂದು ಕೈ ಕೆಲಸ ಮಾಡದ ನೌಕಾ ಸೇನಾನಿ. ಹೌದು, ಅದೇ ಬ್ಲಾಸ್ ದೆ ಲೆಸೊ.

ಸೋತದ್ದು ಯಾಕೆ ಅಂತ ಕೇಳಿದರೆ ಎರಡು ಕಾರಣ ಬರೆಯಿರಿ, ಜ್ವರ ಮತ್ತು ಜಗಳ. ಭೂಸೇನೆಯ ಲಾರ್ಡ್ ಕ್ಯಾತ್‌ಕಾರ್ಟ್ ದಾರಿಯಲ್ಲೇ ಆಮಶಂಕೆಯಿಂದ ಸತ್ತ. ಅವನ ಜಾಗಕ್ಕೆ ಬಂದ ಥಾಮಸ್ ವೆಂಟ್‌ವರ್ತ್‌ಗೆ ಅನುಭವ ಕಡಿಮೆ. ನೌಕಾಪಡೆಗೆ ಒಬ್ಬ, ಸೇನೆಗೆ ಒಬ್ಬ, ಇಬ್ಬರ ಮೇಲೆ ಯಾರೂ ಇಲ್ಲ. ವರ್ನನ್ ಅವನಿಗೆ ಚುಚ್ಚುವ ಪತ್ರಗಳನ್ನು ಬರೆಯುತ್ತಾ ಹೋದ. ಬಂದರಿನ ಬಾಯಿಯ ಬೋಕಾಚಿಕಾ ಕೋಟೆ ಬಿದ್ದಾಗ ಗೆದ್ದೆವು ಅಂತ ಲಂಡನ್ನಿಗೆ ಸುದ್ದಿಯನ್ನೂ ಕಳಿಸಿದ. ಆಮೇಲೆ, ಸ್ಪೇನಿನ ಕ್ಯಾಲೆಂಡರಿನ ಏಪ್ರಿಲ್ 20ರಂದು, ಸ್ಯಾನ್ ಫೆಲಿಪೆ ಕೋಟೆಗೆ ಲಗ್ಗೆ ಹಾಕಿದರು. ಒಯ್ದ ಏಣಿಗಳು ಗೋಡೆಗೆ ಸಾಲಲಿಲ್ಲ ಅನ್ನುತ್ತಾರೆ. ನೂರಾರು ಜನ ಬಿದ್ದರು. ಉಳಿದವರನ್ನು ಹಳದಿ ಜ್ವರ ನೋಡಿಕೊಂಡಿತು. ಮೇ ಹೊತ್ತಿಗೆ ಹಿಂತಿರುಗಿದರು.

ಅತ್ತ ಇಂಗ್ಲೆಂಡಿನಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಗಿತ್ತು. ಲೆಸೊ ಮಂಡಿಯೂರಿ ವರ್ನನ್‌ಗೆ ಕತ್ತಿ ಒಪ್ಪಿಸುವ ಪದಕಗಳು ಆಗಲೇ ಹೊರಬಂದಿದ್ದವು. ಅದರಲ್ಲಿ ಲೆಸೊಗೆ ಎರಡೂ ಕಾಲು ನೆಟ್ಟಗಿವೆ!

ನನಗೆ ಇದಕ್ಕಿಂತ ತಮಾಷೆ ಅನ್ನಿಸುವುದು ಅದೇ ಬೇಸಿಗೆಯ ಚುನಾವಣೆ. ವರ್ನನ್ ಸಾವಿರಾರು ಮೈಲಿ ದೂರದಲ್ಲಿದ್ದ. ಇಲ್ಲಿ ಅಭಿಮಾನಿಗಳು ಹಲವು ಕ್ಷೇತ್ರಗಳಲ್ಲಿ ಅವನ ಹೆಸರು ನಿಲ್ಲಿಸಿದರು. ಸುದ್ದಿ ಹಡಗಿನಲ್ಲಿ ಬರಬೇಕಾದ ಕಾಲ, ಜನ ವೋಟು ಹಾಕಿದ್ದು ಗೆದ್ದ ವೀರನಿಗೆ, ವೀರ ಅಷ್ಟರಲ್ಲಿ ಸೋತು ಹೊರಟಿದ್ದ. ಇಪ್ಸ್‌ವಿಚ್ ಕ್ಷೇತ್ರ ಅವನದಾಯಿತು. ಆ ಸಂಸತ್ತಿನಲ್ಲೇ, 1742ರ ಆರಂಭದಲ್ಲಿ, ವಾಲ್ಪೋಲ್ ಅಧಿಕಾರ ಕಳೆದುಕೊಂಡ. ಲೆಸೊ 1741ರಲ್ಲೇ ಕಾರ್ಟಹೇನಾದಲ್ಲಿ ತೀರಿಕೊಂಡಿದ್ದ.

ಸೋತ ದಂಡಿನಲ್ಲಿ ಅಮೆರಿಕದ ವಸಾಹತುಗಳ ಜನರೂ ಇದ್ದರು. ಅವರಲ್ಲೊಬ್ಬ ವರ್ಜೀನಿಯಾದ ಲಾರೆನ್ಸ್ ವಾಷಿಂಗ್ಟನ್. ಊರಿಗೆ ಹೋಗಿ ತನ್ನ ಜಮೀನಿಗೆ ಮೌಂಟ್ ವರ್ನನ್ ಅಂತ ಹೆಸರಿಟ್ಟ. ಮುಂದೆ ಅದು ತಮ್ಮ ಜಾರ್ಜ್ ವಾಷಿಂಗ್ಟನ್ನನ ಮನೆಯಾಯಿತು. ಕ್ಯೂಬಾ, ಪನಾಮಾ ಮೇಲಿನ ದಾಳಿಗಳೂ ಕೆಟ್ಟವು, ಅವಕ್ಕೆ ಒಂದು ಸಾಲು ಸಾಕು.

ಕರಪತ್ರ

1745ರಲ್ಲಿ, ಬ್ರಿಟನ್ನಿನ ಗದ್ದುಗೆ ಕಳೆದುಕೊಂಡಿದ್ದ ಸ್ಟುವರ್ಟ್ ರಾಜವಂಶದ ಬೆಂಬಲಿಗರ ದಂಗೆ. ಫ್ರಾನ್ಸಿನಿಂದ ಸೈನ್ಯ ಬರುವ ಭಯ. ವರ್ನನ್ ಈಗ ಬಿಳಿ ದಳದ ಅಡ್ಮಿರಲ್, ಇಂಗ್ಲೆಂಡಿನ ಕರಾವಳಿ ಕಾಯುವ ಕೆಲಸ. ಕೆಲಸ ಚೆನ್ನಾಗಿಯೇ ಮಾಡಿದ. ಪಶ್ಚಿಮದ ಕಡಲಿನಲ್ಲಿ ಬಲವಾದ ಒಂದು ದಂಡು ಯಾವಾಗಲೂ ಇರಬೇಕು ಅನ್ನುವ ಅವನ ಸಲಹೆ ಮುಂದೆ ಬ್ರಿಟನ್ನಿಗೆ ಬಹಳ ಉಪಯೋಗಕ್ಕೆ ಬಂತು. ಆದರೆ ನೌಕಾಪಡೆಯ ಆಡಳಿತ ನೋಡುವ ಅಡ್ಮಿರಾಲ್ಟಿ ಜೊತೆ ದಿನಾ ಕಿರಿಕಿರಿ. ಒಂದು ಹಡಗಿಗೆ ಗನ್ನರ್, ಅಂದರೆ ಫಿರಂಗಿ ನೋಡಿಕೊಳ್ಳುವವನನ್ನು, ನೇಮಕ ಮಾಡುವ ಹಕ್ಕು ಯಾರದು ಅನ್ನುವಷ್ಟು ಸಣ್ಣ ವಿಷಯಕ್ಕೂ ಜಟಾಪಟಿ. ವರ್ಷದ ಕೊನೆಗೆ ಹುದ್ದೆ ಬಿಟ್ಟ.

ಬಿಟ್ಟು ಸುಮ್ಮನಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಅಡ್ಮಿರಾಲ್ಟಿಯ ಪತ್ರಗಳನ್ನೂ ಸೇರಿಸಿದ ಕರಪತ್ರಗಳು ಲೇಖಕರ ಹೆಸರಿಲ್ಲದೆ ಅಚ್ಚಾಗಿ ಬಂದವು. ಯಾರು ಬರೆದದ್ದು? ಕರೆಸಿ ಕೇಳಿದರು. ವರ್ನನ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. 1746ರ ಏಪ್ರಿಲಿನಲ್ಲಿ ರಾಜ ಎರಡನೆಯ ಜಾರ್ಜ್‌ನ ಅಪ್ಪಣೆಯಂತೆ ಅಡ್ಮಿರಲ್‌ಗಳ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು.

ಹೊಡೆದುಹಾಕಿದ್ದು ನೌಕಾಪಡೆಯ ಹೆಸರು ಮಾತ್ರ. ಇಪ್ಸ್‌ವಿಚ್ ಸೀಟಿಗೆ ಅಡ್ಮಿರಾಲ್ಟಿಯ ಕೈ ಎಟುಕಲಿಲ್ಲ. ಅಲ್ಲಿಂದ ಇನ್ನೂ ಹನ್ನೊಂದು ವರ್ಷ ಎಂಪಿ ಆಗಿದ್ದ. ನಾವಿಕರನ್ನು ಬಲವಂತವಾಗಿ ಹಿಡಿದು ತರುವುದು, ಸಂಬಳ ತಡ ಮಾಡುವುದು, ಈ ಹಳೆಯ ದೂರುಗಳನ್ನು ಬಿಡಲಿಲ್ಲ. 1757ರ ಅಕ್ಟೋಬರ್ 30ರಂದು ಸಫೊಕ್ ಕೌಂಟಿಯ ನ್ಯಾಕ್ಟನ್‌ನಲ್ಲಿ ತೀರಿಕೊಂಡಾಗ ಇಪ್ಸ್‌ವಿಚ್ ಸೀಟು ಅವನದೇ ಇತ್ತು. ಅಡ್ಮಿರಲ್ ಪಟ್ಟಿಗೆ ಹೆಸರು ವಾಪಸ್ ಬರಲೇ ಇಲ್ಲ.