ಎಸ್‌ಬಿಐಆರ್ ಟಿಪ್ಪಣಿ: ಮೊದಲು ಕೇಳಿ, ಸಂಬಳ ಕೊಡುವವರು ಯಾರು?

ಸಣ್ಣ ಕಂಪನಿಗಳ ಸಂಶೋಧನೆಗೆ ಅಮೆರಿಕ ಸರ್ಕಾರ ದುಡ್ಡು ಕೊಡುವ ಯೋಜನೆಯೇ ಎಸ್‌ಬಿಐಆರ್. ಅದರ ತಮ್ಮ ಎಸ್‌ಟಿಟಿಆರ್, ಸಣ್ಣ ಕಂಪನಿ ಕಾಲೇಜೋ ಸಂಶೋಧನಾ ಸಂಸ್ಥೆಯೋ ಜೊತೆ ಸೇರಿ ಮಾಡುವ ಕೆಲಸಕ್ಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಉದ್ಯಮಶೀಲತೆ ಪೇಪರ್‌ಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಅಲ್ಲಿನ ಇಂಧನ ಇಲಾಖೆಯ ಭಾಗವನ್ನು ಜಾಸ್ತಿ ಬರೆದಿದ್ದೇನೆ, ಯಾಕಂದ್ರೆ ತೊಡಕು ಇರುವುದೇ ಅಲ್ಲಿ.

ಇತಿಹಾಸ ಚಿಕ್ಕದು. 1977ರಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ರೋಲಂಡ್ ಟಿಬೆಟ್ಸ್ ಇದನ್ನು ಪ್ರಯೋಗವಾಗಿ ಶುರು ಮಾಡಿದರು. 1982ರಲ್ಲಿ ಕಾನೂನಾಯಿತು. ಎಸ್‌ಟಿಟಿಆರ್ ಬಂದದ್ದು 1992ರಲ್ಲಿ. ಇದು ಕಾಯಂ ಕಾನೂನಲ್ಲ, ಸಂಸತ್ತು ಆಗಾಗ ಅವಧಿ ವಿಸ್ತರಿಸಬೇಕು. 2022ರ ವಿಸ್ತರಣೆ 2025ರ ಸೆಪ್ಟೆಂಬರ್ 30ರವರೆಗೆ ಇತ್ತು. ಇಸವಿ ಕೇಳಿದರೆ ಇಷ್ಟು ಸಾಕು.

ಶೇ 3.2, ಆದರೆ ಯಾವುದರ ಮೇಲೆ?

ಪುಸ್ತಕದಲ್ಲಿ ಒಂದೇ ಸಾಲು ಇರುತ್ತದೆ: ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವ ಇಲಾಖೆ, ಆ ಖರ್ಚಿನ ಶೇ 3.2ರಷ್ಟನ್ನು ಎಸ್‌ಬಿಐಆರ್‌ಗೆ ಎತ್ತಿಡಬೇಕು. ಆ ಖರ್ಚು 100 ಕೋಟಿ ಡಾಲರ್ ದಾಟಿದರೆ ಎಸ್‌ಟಿಟಿಆರ್‌ಗೆ ಇನ್ನೂ ಶೇ 0.45. ಗಮನಿಸಿ, ಇದು ಹೊಸ ದುಡ್ಡಲ್ಲ. ಇರುವ ಸಂಶೋಧನಾ ಬಜೆಟ್‌ನಿಂದಲೇ ತೆಗೆದಿಡುವ ಪಾಲು.

ಓದಲು ಸಲೀಸು. ಆದರೆ ಲೆಕ್ಕ ಹಾಕಲು ಕೂತಾಗ 'ಹೊರಗಿನವರು' ಅಂದರೆ ಯಾರು ಅನ್ನುವಲ್ಲಿ ಪೆನ್ನು ನಿಲ್ಲುತ್ತದೆ. ವಿಶ್ವವಿದ್ಯಾಲಯ ಹೊರಗಿನದು, ಖಾಸಗಿ ಕಂಪನಿಯೂ ಹೊರಗಿನದು, ಸರಿ. ಆದರೆ ಇಂಧನ ಇಲಾಖೆಗೆ 17 ರಾಷ್ಟ್ರೀಯ ಪ್ರಯೋಗಾಲಯಗಳಿವೆ. ಆರ್ಗಾನ್, ಓಕ್ ರಿಡ್ಜ್, ಬರ್ಕ್‌ಲಿ ಹೀಗೆ. ಜಾಗ ಸರ್ಕಾರದ್ದು, ಯಂತ್ರ ಸರ್ಕಾರದ್ದು. ಹಾಗಾದರೆ ಇವು ಒಳಗಿನವೇ ಅಲ್ವಾ?

ಅಲ್ಲ. ಬಸ್ ಸ್ಟ್ಯಾಂಡಿನ ಕ್ಯಾಂಟೀನ್ ತೆಗೆದುಕೊಳ್ಳಿ. ಕಟ್ಟಡ ಸಾರಿಗೆ ಸಂಸ್ಥೆಯದು. ಒಳಗೆ ಮಿರ್ಚಿ ಕರಿಯುವವನಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಅವನನ್ನು ಸಾರಿಗೆ ನೌಕರ ಅಂತ ಯಾರೂ ಅನ್ನುವುದಿಲ್ಲ. ಈ ಪ್ರಯೋಗಾಲಯಗಳದ್ದೂ ಇದೇ ಕಥೆ. ಬರ್ಕ್‌ಲಿ ಲ್ಯಾಬ್ ನಡೆಸುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಓಕ್ ರಿಡ್ಜ್ ನಡೆಸುವುದು ಯುಟಿ-ಬ್ಯಾಟೆಲ್ ಅನ್ನುವ ಸಂಸ್ಥೆ. ಅಲ್ಲಿನ ವಿಜ್ಞಾನಿಗಳು ಸರ್ಕಾರಿ ನೌಕರರಲ್ಲ. 17ರಲ್ಲಿ 16 ಹೀಗೇ ಗುತ್ತಿಗೆಯಲ್ಲಿ ನಡೆಯುತ್ತವೆ. ಉಳಿದದ್ದು ಒಂದೇ, ಎನ್‌ಇಟಿಎಲ್ (ನ್ಯಾಷನಲ್ ಎನರ್ಜಿ ಟೆಕ್ನಾಲಜಿ ಲ್ಯಾಬೊರೇಟರಿ). ಅದನ್ನು ಇಲಾಖೆಯೇ ತನ್ನ ನೌಕರರನ್ನಿಟ್ಟು ನಡೆಸುತ್ತದೆ.

ಕಾನೂನಿನಲ್ಲಿ ಲೆಕ್ಕದಿಂದ ಬಿಡುವುದು, ಸರ್ಕಾರವೇ ನಡೆಸುವ ಜಾಗದಲ್ಲಿ ಸರ್ಕಾರಿ ನೌಕರರು ಮಾಡುವ ಕೆಲಸದ ಖರ್ಚನ್ನು ಮಾತ್ರ. ಹಾಗಾಗಿ ಆ 16 ಲ್ಯಾಬ್‌ಗಳಿಗೆ ಹೋಗುವ ಸಂಶೋಧನೆಯ ದುಡ್ಡೂ ಲೆಕ್ಕದೊಳಗೆ ಬರುತ್ತದೆ. ಇಂಧನ ಇಲಾಖೆಗೆ ಇನ್ನೊಂದು ವಿನಾಯಿತಿ ಇದೆ: ಅಣ್ವಸ್ತ್ರದ ಕೆಲಸ ಮತ್ತು ನೌಕಾಪಡೆಯ ರಿಯಾಕ್ಟರ್ ಕೆಲಸ ಲೆಕ್ಕಕ್ಕಿಲ್ಲ.

ಸುಮ್ನೆ ಒಂದು ಲೆಕ್ಕ ಮಾಡಿ ನೋಡೋಣ. ಅಂಕಿ ನನ್ನವು, ನಿಜವಾದ ಬಜೆಟ್ ಅಲ್ಲ.

ಒಟ್ಟು ಸಂಶೋಧನೆ ಬಜೆಟ್ 1000 ಕೋಟಿ ಡಾಲರ್ ಇರಲಿ (ಕೆಳಗಿನ ಅಂಕಿಗಳೂ ಕೋಟಿ ಡಾಲರ್‌ನಲ್ಲೇ). ಸ್ವಂತ ನೌಕರರ ಕೆಲಸ 100. ಅಣ್ವಸ್ತ್ರ ಮತ್ತು ನೌಕಾ ರಿಯಾಕ್ಟರ್ 200. ಗುತ್ತಿಗೆ ಲ್ಯಾಬ್ 400. ವಿಶ್ವವಿದ್ಯಾಲಯ, ಕಂಪನಿ ಸೇರಿ 300.
ಮೊದಲೆರಡು ಬಿಟ್ಟರೆ ಉಳಿಯುವುದು 700.
ಎಸ್‌ಬಿಐಆರ್: 700ರ ಶೇ 3.2 = 22.4
ಎಸ್‌ಟಿಟಿಆರ್: 700ರ ಶೇ 0.45 = 3.15

ಲ್ಯಾಬ್‌ಗಳನ್ನು 'ಸರ್ಕಾರದ್ದು' ಅಂತ ಬಿಟ್ಟುಬಿಟ್ಟರೆ 300ರ ಮೇಲೆ ಬರುವುದು ಬರೀ 9.6. ಅರ್ಧಕ್ಕಿಂತ ಕಡಿಮೆ! ಅದಕ್ಕೇ ಕಟ್ಟಡದ ಮೇಲಿನ ಬೋರ್ಡ್ ನೋಡಬೇಡಿ, ಸಂಬಳ ಕೊಡುವವರು ಯಾರು ಅಂತ ನೋಡಿ.

ಅಣ್ಣ ಯಾರು, ತಮ್ಮ ಯಾರು

ಖುಷಿಯ ವಿಷಯ ಏನಂದ್ರೆ, ಅದೇ ಪ್ರಶ್ನೆ ಇಲ್ಲೂ ಕೆಲಸಕ್ಕೆ ಬರುತ್ತದೆ. ನಿಯಮ ಅವರದು, ಊರು ನಮ್ಮದು ಅಂತ ಇಟ್ಟುಕೊಳ್ಳಿ. (ನಿಜದಲ್ಲಿ ನಮ್ಮ ಕಂಪನಿಗಳಿಗೆ ಅರ್ಹತೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಒಡೆತನ ಅಮೆರಿಕದ ಪ್ರಜೆಗಳದ್ದೋ ಕಾಯಂ ನಿವಾಸಿಗಳದ್ದೋ ಆಗಿರಬೇಕು, ಅಂಗಸಂಸ್ಥೆಗಳೂ ಸೇರಿ ನೌಕರರು 500 ದಾಟಬಾರದು.)

ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಕಂಪನಿ. ಗದಗ ಕಡೆಯ ಗಾಳಿಯಂತ್ರಗಳ ಗೇರ್‌ಬಾಕ್ಸ್ ಕೆಡುವ ಮೊದಲೇ ಅದರ ನಡುಕದಿಂದ ಗುರುತು ಹಿಡಿಯುವ ಸೆನ್ಸರ್ ಮಾಡಬೇಕು ಅನ್ನುವುದು ಅವರ ಆಸೆ. ಐಡಿಯಾ ವಿದ್ಯಾನಗರದ ಕಾಲೇಜೊಂದರ ಮೇಡಂ ಅವರದು. ಯೋಜನೆಯ ಮುಖ್ಯ ಸಂಶೋಧಕಿಯೂ ಅವರೇ.

ಮೇಡಂ ಕಾಲೇಜಿನ ಸಂಬಳದಲ್ಲೇ ಇದ್ದರೆ ಎಸ್‌ಟಿಟಿಆರ್. ರಜೆ ಹಾಕಿ, ಮುಖ್ಯ ನೌಕರಿ ಕಂಪನಿಯಲ್ಲೇ ಅಂತ ಬಂದರೆ ಎಸ್‌ಬಿಐಆರ್. ಎಸ್‌ಬಿಐಆರ್‌ನಲ್ಲಿ ಮುಖ್ಯ ಸಂಶೋಧಕರ ಪ್ರಧಾನ ನೌಕರಿ ಸಣ್ಣ ಕಂಪನಿಯಲ್ಲೇ ಇರಬೇಕು. ಇಂಧನ ಇಲಾಖೆಯ ಎಸ್‌ಟಿಟಿಆರ್‌ನಲ್ಲಿ ಎರಡರಲ್ಲಿ ಯಾವ ಕಡೆ ಇದ್ದರೂ ನಡೆಯುತ್ತದೆ.

ಕೆಲಸದ ಪಾಲು ಹೀಗೆ. ಎಸ್‌ಬಿಐಆರ್ ಮೊದಲ ಹಂತದಲ್ಲಿ ಮೂರನೇ ಎರಡು ಭಾಗ ಕಂಪನಿಯೇ ಮಾಡಬೇಕು, ಎರಡನೇ ಹಂತದಲ್ಲಿ ಅರ್ಧ. ಕಾಲೇಜು ಜೊತೆಗಿದ್ದರೆ ಸರಿ, ಇರದಿದ್ದರೂ ಸರಿ. ಎಸ್‌ಟಿಟಿಆರ್‌ನಲ್ಲಿ ಕಾಲೇಜೋ ಸಂಶೋಧನಾ ಸಂಸ್ಥೆಯೋ ಇರಲೇಬೇಕು: ಕಂಪನಿಗೆ ಕನಿಷ್ಠ ಶೇ 40, ಸಂಸ್ಥೆಗೆ ಕನಿಷ್ಠ ಶೇ 30. ಉಳಿದ ಶೇ 30 ಹೇಗಾದರೂ ಹಂಚಿಕೊಳ್ಳಬಹುದು. ನಲವತ್ತು-ಮೂವತ್ತು ಅಂತ ಬಾಯಿಗೆ ಕೂರಿಸಿಕೊಳ್ಳಿ, ಅದಲು ಬದಲಾಗುವುದು ಇಲ್ಲೇ.

ಮೂರು ಹಂತ

ಮೊದಲನೆಯದು 'ಆಗುತ್ತಾ?' ಅಂತ ನೋಡುವ ಹಂತ. ವರ್ಷದೊಳಗೆ ಮುಗಿಯುತ್ತದೆ. ಎರಡನೆಯದು ಮಾದರಿ ಮಾಡಿ ಪರೀಕ್ಷಿಸುವ ಹಂತ. ಸಾಮಾನ್ಯವಾಗಿ ಎರಡು ವರ್ಷ, ದುಡ್ಡೂ ಹಲವು ಪಟ್ಟು ಜಾಸ್ತಿ. ಇಂಧನ ಇಲಾಖೆಯಲ್ಲಿ ಅರ್ಜಿಗೂ ಮೊದಲು ಉದ್ದೇಶ ಪತ್ರ ಕಳಿಸಬೇಕು. ಅದರ ಗಡುವು ತಪ್ಪಿದರೆ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ತೆಗೆದುಕೊಳ್ಳುವುದಿಲ್ಲ.

ಮೂರನೇ ಹಂತಕ್ಕೆ ಈ ಮೀಸಲು ಹಣದಿಂದ ಒಂದು ಡಾಲರೂ ಇಲ್ಲ. ಮತ್ತೆ ಅದನ್ನು ಹಂತ ಅಂತ ಯಾಕೆ ಕರೆಯಬೇಕು? ನನ್ನ ಪ್ರಕಾರ ಯೋಜನೆಯ ನಿಜವಾದ ತಾಕತ್ತು ಇರುವುದು ಇದರಲ್ಲೇ. ಮೊದಲು ಒಮ್ಮೆ ಸ್ಪರ್ಧೆ ಗೆದ್ದು ಬಂದ ಕಂಪನಿ ಅಲ್ವಾ, ಅದೇ ತಂತ್ರಜ್ಞಾನ ಬೇಕಾದಾಗ ಸರ್ಕಾರಿ ಇಲಾಖೆ ಮತ್ತೆ ಸ್ಪರ್ಧೆ ಕರೆಯದೆ ನೇರವಾಗಿ ಆ ಕಂಪನಿಗೇ ಆರ್ಡರ್ ಕೊಡಬಹುದು. ಜೊತೆಗೆ ಯೋಜನೆಯಲ್ಲಿ ಹುಟ್ಟಿದ ತಾಂತ್ರಿಕ ಮಾಹಿತಿಯನ್ನು ಸರ್ಕಾರ 20 ವರ್ಷ ಹೊರಗೆ ಬಿಟ್ಟುಕೊಡುವಂತಿಲ್ಲ.

ನಮ್ಮ ಕಡೆ

ಹೋಲಿಕೆ ಪ್ರಶ್ನೆ ಬಂದರೆ ಮೊದಲ ವಾಕ್ಯ ಹೀಗಿರಲಿ: ಅಲ್ಲಿ ಇಲಾಖೆಗಳ ಪಾಲು ಕಾನೂನಿನಿಂದ ಬರುತ್ತದೆ, ಇಲ್ಲಿ ಒಂದೊಂದು ಇಲಾಖೆ ಒಂದೊಂದು ಯೋಜನೆ ಮಾಡುತ್ತದೆ. ಹೆಸರಿನಲ್ಲೂ ಹತ್ತಿರದ್ದು ಜೈವಿಕ ತಂತ್ರಜ್ಞಾನ ಇಲಾಖೆಯ ಎಸ್‌ಬಿಐಆರ್‌ಐ, 2005ರದ್ದು. ಇಂಧನದ ಸೆನ್ಸರ್ ಮಾಡುವವರಿಗೆ ಅದು ಹೊಂದುವುದಿಲ್ಲ. ಅವರು ನೋಡಬೇಕಾದದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್, ಮಾದರಿ ಮಾಡಲು 10 ಲಕ್ಷದವರೆಗೆ.

ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ದುಡ್ಡು ವಾಪಸ್ ಕೊಡಬೇಕಾ? 2021ರ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿಯ ಕೆಲಸಕ್ಕೆ 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ, ಆದರೆ ಅದು ಸಾಲ ಅಥವಾ ಷೇರಾಗಿ ಬದಲಿಸಬಹುದಾದ ಸಾಲಪತ್ರ. ಕೇಂದ್ರ ಸರ್ಕಾರದ ಟೆಕ್ನಾಲಜಿ ಡೆವಲಪ್‌ಮೆಂಟ್ ಬೋರ್ಡ್ ಹೆಚ್ಚಾಗಿ ಕೊಡುವುದೂ ಕಡಿಮೆ ಬಡ್ಡಿಯ ಸಾಲವೇ.

ಮೂರನೇ ಹಂತಕ್ಕೆ ಸಮನಾದದ್ದು ಏನು ಅಂತ ಕೇಳಿದರೆ ಉತ್ತರ ಸ್ವಲ್ಪ ಸಪ್ಪೆ. ಸ್ಟಾರ್ಟಪ್ ಅಂತ ಮಾನ್ಯತೆ ಸಿಕ್ಕವರಿಗೆ ಸರ್ಕಾರಿ ಟೆಂಡರ್‌ಗಳಲ್ಲಿ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತು ಸಡಿಲ ಮಾಡಬಹುದು, ಠೇವಣಿಯಿಂದಲೂ ವಿನಾಯಿತಿ ಇದೆ. ಅಂದರೆ ಬಾಗಿಲು ತೆರೆದಿದೆ, ಆದರೆ ಟೆಂಡರ್‌ನ ಸಾಲಿನಲ್ಲಿ ಎಲ್ಲರ ಜೊತೆ ನಿಲ್ಲಬೇಕು.