ಡಿಕಾಕ್ಷನ್ ಇಳಿಯುವ ಹೊತ್ತು: ರೇಖಿಯ ಐದು ಮಾತುಗಳ ಅಭ್ಯಾಸ

ಮಿಕಾವೊ ಉಸುಯಿ 1922ರಲ್ಲಿ ಜಪಾನಿನಲ್ಲಿ ರೇಖಿ, ಅಂದರೆ ಅಂಗೈಯನ್ನು ಮೈಮೇಲಿಟ್ಟು ಶಕ್ತಿ ಹರಿಸುತ್ತೇವೆ ಎನ್ನುವ ಪದ್ಧತಿ, ಕಲಿಸತೊಡಗಿದರು. ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡುವ ಮೊದಲು ಅವುಗಳ ತಲೆಯ ಮೇಲಿರುವ ಮಾತನ್ನು ನೋಡಿ: 'ಕ್ಯೋ ದಾಕೆ ವಾ', ಇವತ್ತೊಂದು ದಿನ ಮಾತ್ರ. ಇವತ್ತೊಂದು ದಿನ ಸಿಟ್ಟು ಬೇಡ, ಚಿಂತೆ ಬೇಡ, ಉಪಕಾರ ನೆನೆ, ಕೆಲಸ ಮನಸ್ಸಿಟ್ಟು ಮಾಡು, ಜನರನ್ನು ಅಕ್ಕರೆಯಿಂದ ಕಾಣು. ಆ ಮೊದಲ ಮಾತು ಕಿತ್ತರೆ ಉಳಿದದ್ದು ಶಾಲೆಯ ಗೋಡೆಬರಹ. ಜನ್ಮವಿಡೀ ಸಿಟ್ಟಾಗಲಾರೆ ಎಂಬುದು ಸುಳ್ಳಾಗುತ್ತದೆ; ರಾತ್ರಿ ಮಲಗುವವರೆಗೆ ಎಂದರೆ ನೋಡಬಹುದು.

ಇದಕ್ಕೆ ಹೊಸ ಹೊತ್ತು ಹುಡುಕಬೇಡಿ. ಚಿಕ್ಕಮಗಳೂರಿನ ಮನೆಗಳಲ್ಲಿ ಅದು ಆಗಲೇ ಇದೆ. ಫಿಲ್ಟರಿಗೆ ಕುದಿನೀರು ಹೊಯ್ದ ಮೇಲೆ ಡಿಕಾಕ್ಷನ್ ಇಳಿಯಲು 10–15 ನಿಮಿಷ ಬೇಕು. ಬೆನ್ನು ನೆಟ್ಟಗಿಟ್ಟು ಕೂತು, ಅಂಗೈ ಜೋಡಿಸಿ ಎದೆಯ ಮಟ್ಟಕ್ಕೆ ಹಿಡಿಯಿರಿ. ಇದು ಗಾಸ್ಶೋ. ಗಮನ ಎರಡು ನಡುಬೆರಳ ತುದಿ ತಾಗುವಲ್ಲಿ. ಮನಸ್ಸು ಓಡಿದ್ದು ಗೊತ್ತಾದ ಕ್ಷಣ ಆ ತುದಿಗಳನ್ನು ಮೆಲ್ಲಗೆ ಒತ್ತಿ, ಬಿಡಿ. ಮೈಂಡ್‌ಫುಲ್‌ನೆಸ್ ಅನ್ನುವುದೂ ಇದನ್ನೇ, ಓಡದಂತೆ ತಡೆಯುವುದನ್ನಲ್ಲ, ಓಡಿದ್ದನ್ನು ಗಮನಿಸಿ ಮರಳುವುದನ್ನು. ಮೊದಲ ವಾರ 5 ನಿಮಿಷ ಸಾಕು. ತೋಳು ನೊಂದರೆ ಜೋಡಿಸಿದ ಕೈಯನ್ನು ಹಾಗೇ ತೊಡೆಗಿಳಿಸಿ. ತೂಕಡಿಕೆ ಬಂದರೆ ಕಣ್ಣು ಅರೆ ತೆರೆಯಿರಿ. ಮುಗಿಸುವಾಗ ಐದು ಮಾತುಗಳನ್ನು ನಿಮಗೆ ಕೇಳಿಸುವಷ್ಟು ದನಿಯಲ್ಲಿ ಒಮ್ಮೆ ಹೇಳಿ. (ಪುಡಿ ಗಟ್ಟಿಯಾಗಿ ಒತ್ತಿದ್ದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಎದ್ದು ಫಿಲ್ಟರ್ ಕುಟ್ಟದೆ ಕೂತಿರುವುದು ಆವತ್ತಿನ ಪಾಠ.)

ಹೆಚ್ಚಿನವರು ಎಡವುವುದು ಮೊದಲ ಸೂತ್ರದಲ್ಲಿ. ಸಿಟ್ಟು ಬೇಡ ಎಂದರೆ ನುಂಗು ಎಂದು ತಿಳಿಯುತ್ತಾರೆ. ಕೊಯ್ಲಿನ ಕಾಲದಲ್ಲಿ ಸಂಜೆ ಕಾಫಿ ಹಣ್ಣು ತೂಗುವ ಜಾಗ ನೆನೆಯಿರಿ: ಮೂಟೆ ಹೊತ್ತು ಸುಸ್ತಾದವರು, ಕತ್ತಲಾಗುವ ಆತುರ, ಹಸಿಕಾಯಿ ಸೇರಿದೆ ಎನ್ನುವ ರೈಟರು (ತೋಟದ ಲೆಕ್ಕ ಬರೆಯುವವರು). ಕೋಪ ಮೊದಲು ಮೈಯಲ್ಲಿ ಕಾಣಿಸುತ್ತದೆ, ದವಡೆ ಬಿಗಿಯುತ್ತದೆ, ಉಸಿರು ಮೇಲಕ್ಕೇರುತ್ತದೆ. ಆಗ ಪಾದ ನೆಲಕ್ಕೂರಿದ್ದನ್ನು ಗಮನಿಸಿ, ಮೂರು ಸಲ ನಿಧಾನವಾಗಿ ಉಸಿರು ಹೊರಬಿಡಿ. ಆಮೇಲೆ ತೂಕ ತಪ್ಪಿದ್ದರೆ ತಪ್ಪಿದೆ ಎಂದೇ ಹೇಳಿ. ತೂಕದ ಬಗ್ಗೆ ಮಾತಾಡಿ, ಮನುಷ್ಯನ ಬಗ್ಗೆ ಬೇಡ.

ಚಿಂತೆಯ ಸೂತ್ರ ಕೆಲಸದ ಸೂತ್ರವನ್ನು ಬಿಟ್ಟು ನಿಲ್ಲಲಾರದು. ಮಾರ್ಚ್ ಬಂದರೂ ಕಾಫಿ ಹೂ ಅರಳಿಸುವ ಹೂಮಳೆ ಇಲ್ಲವೆಂದು ಮೋಡ ನೋಡುತ್ತಿದ್ದೀರಿ ಅನ್ನಿ. ಕೇಳಿಕೊಳ್ಳಿ: ಇದರಲ್ಲಿ ಇವತ್ತು ನನ್ನ ಕೈಗೆ ಕೆಲಸವಿದೆಯೇ? ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಸೋರುತ್ತಿದ್ದರೆ ಇದೆ, ಹೋಗಿ ಕಟ್ಟಿ. ಮೋಡ ತರುವುದು ಕೆಲಸವಲ್ಲ; ಅಲ್ಲಿ ಒಂದು ನಿಮಿಷ ಉಸಿರಿಗೆ ಮರಳಿ. ದಿನಕ್ಕೆ ಇಪ್ಪತ್ತು ಸಲ ಮರಳಬೇಕಾದೀತು, ಅದು ಸೋಲಲ್ಲ.

ಕೃತಜ್ಞತೆಗೆ ಉದ್ದ ಪಟ್ಟಿ ಬೇಡ. ಬೇಲೂರು ಬಸ್ಸಿನಲ್ಲಿ ಸರಿದು ಜಾಗ ಕೊಟ್ಟವರು, ಅಷ್ಟೇ ನಿಖರವಾಗಿ ಒಂದು ಸಾಕು. ಅಕ್ಕರೆಯೂ ಹಾಗೇ, ನಾಳೆ ನೀವು ಸರಿದು ಕೂರಿ.

ರಾತ್ರಿ ಮಲಗಿದಲ್ಲೇ ಅಂಗೈಗಳನ್ನು ಕಣ್ಣು, ಎದೆ, ಹೊಟ್ಟೆಯ ಮೇಲೆ 3–5 ನಿಮಿಷ ಹಗುರಾಗಿ ಇಡಿ, ಕಣ್ಣುಗುಡ್ಡೆ ಒತ್ತಬಾರದು. ಬಿಸಿ ಬಂತೇ ಎಂದು ಕಾಯಲು ತೊಡಗಿದರೆ ಗಮನ ಅಲ್ಲೇ ಕೆಡುತ್ತದೆ. ಅಂಗೈಯಿಂದ ಶಕ್ತಿ ಹರಿಯುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ, ಹಾಗಾಗಿ ಬಿಪಿ, ಶುಗರ್ ಮಾತ್ರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸ್ಕೂಟರ್ ಓಡಿಸುವಾಗ ಉಸಿರು ಎಣಿಸುವುದೂ ಬೇಡ, ಅಲ್ಲಿ ಗಮನವೆಂದರೆ ರಸ್ತೆ.